ನನ್ನ ಊಟದ ಹಣ ಉಂಡ ಕೆಂಪಮ್ಮನವರಿಗೆ

ಮಳವಳ್ಳಿ ಸೀಮೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ವಿರಾಜಮಾನರಾಗಿರುವ, ಎಡಗಿವಿಯಲ್ಲಿ ವಿಮೆಯ ಹಳದಿ ಓಲೆ ಧರಿಸಿ ಶೋಭಿಸುತ್ತಿರುವ, ಜರ್ಸಿ ಕುಲತಿಲಕರಾದ ಶ್ರೀಮತಿ ಕೆಂಪಮ್ಮನವರ ನಾಲ್ಕೂ ಗೊರಸುಗಳಿಗೆ, ಮಂಡ್ಯದ ಗುತ್ತಲಿನ ಮಹಡಿ ರೂಮಿನಿಂದ ಎಂ.ಎಸ್ಸಿ. ವಿದ್ಯಾರ್ಥಿನಿ ಗಗನ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಅಲ್ಲಿ ಕ್ಷೇಮವಾಗಿರುವುದು ಬ್ಯಾಂಕಿನವರು ಕಳಿಸಿದ ಮೊಬೈಲ್ ಸಂದೇಶದಿಂದ ತಿಳಿದು ಸಂತೋಷವಾಯಿತು. ನನ್ನ ಕ್ಷೇಮವೂ ಸದ್ಯ ತಮ್ಮ ಹೊಟ್ಟೆಯಲ್ಲೇ ಇರುವುದರಿಂದ ಪ್ರತ್ಯೇಕವಾಗಿ ಬರೆಯುವ ಅಗತ್ಯವಿಲ್ಲ. ಈ ಪತ್ರವನ್ನು ಅಂಚೆಗೆ ಹಾಕದೆ ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ತಾವು ಬೇಸರಿಸಬಾರದು. ಪತ್ರಿಕೆ ಹಳತಾದ ಮೇಲೆ ಹೇಗೂ ತಮ್ಮ ಮುಂದೆ ಬೀಳುತ್ತದೆ, ಮುದ್ರಿತ ಸಾಹಿತ್ಯವನ್ನು ತಾವು ಅಂಚೂ ಬಿಡದೆ ಮೇಯುತ್ತೀರೆಂಬುದು ನನ್ನ ಪ್ರಾಕ್ಟಿಕಲ್ ರೆಕಾರ್ಡಿನ ಅನುಭವ.

ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನಾನೂ ತಾವೂ ಒಂದೇ ಬ್ಯಾಂಕಿನ ಒಂದೇ ಮೇಜಿನ ಮುಂದೆ ಸಾಲಕ್ಕೆ ಅರ್ಜಿ ಹಾಕಿದೆವು. ನಾನು ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರಗಳ ಒಂದು ಕಟ್ಟನ್ನೇ ಹೊತ್ತು ಹೋಗಿ, ರೂಮಿಗೂ ಊಟಕ್ಕೂ ಸಾಲ ಬೇಕೆಂದು ವಿನಂತಿಸಿದಾಗ, ಮ್ಯಾನೇಜರ್ ಸಾಹೇಬರು ಕನ್ನಡಕ ಒರೆಸಿಕೊಂಡು, "ನೋಡಮ್ಮ, ಓದೋದಕ್ಕೆ ಸಾಲ ಇದೆ, ತಿನ್ನೋದಕ್ಕೆ ಇಲ್ಲ. ಜಾಮೀನು ಯಾರು ಹಾಕ್ತಾರೆ?" ಎಂದು ಕೇಳಿ ಕಟ್ಟನ್ನು ನನಗೇ ಹಿಂದಿರುಗಿಸಿದರು. ತಾವಾದರೋ ಒಂದು ಕಾಗದವನ್ನೂ ತರದೆ, ಒಂದೇ ಒಂದು ಫೋಟೊಗೆ ಮುಖ ಕೊಟ್ಟು, ಹತ್ತೇ ದಿನದಲ್ಲಿ ಸಾಲ ಮಂಜೂರು ಮಾಡಿಸಿಕೊಂಡಿರಿ. ಅದರಲ್ಲಿ ಮೊದಲ ತಿಂಗಳ ಹಿಂಡಿ, ಬೂಸಾ, ಕೊಟ್ಟಿಗೆಯ ಶೀಟು ಎಲ್ಲವೂ ಸೇರಿದ್ದವು. ತಮಗೆ ತಾವೇ ಜಾಮೀನು. ಹದಿನೇಳು ವರ್ಷ ಓದಿದ ನನಗೆ ಸಿಗದ ಈ ಗೌರವವನ್ನು ತಾವು ಬಾಲ ಅಲ್ಲಾಡಿಸಿ ಪಡೆದದ್ದನ್ನು ನಾನು ಇಂದಿಗೂ ಸಹಪಾಠಿಗಳಿಗೆ ಉದಾಹರಣೆಯಾಗಿ ಕೊಡುತ್ತಿದ್ದೇನೆ.

ತಮ್ಮನ್ನು ಸಾಕುವುದೂ ಕರೆಯುವುದೂ ನಮ್ಮಜ್ಜಿ ದೇವಿರಮ್ಮನವರೇ ಆದ್ದರಿಂದ ಸಾಲವೂ ಅವರ ಹೆಸರಿನಲ್ಲೇ ಆಗಬೇಕಿತ್ತು. ಆದರೆ ಬ್ಯಾಂಕಿನ ಬೆರಳಚ್ಚು ಯಂತ್ರವು ಅಜ್ಜಿಯ ಹೆಬ್ಬೆಟ್ಟನ್ನು ಮೂರು ಸಲ ಒರೆಸಿ ಒತ್ತಿದರೂ ಗುರುತಿಸಲಿಲ್ಲ. "ಅಸ ಇಂಡಿ ಇಂಡಿ ಬೆಳ್ಳೆಲ್ಲ ಸವ್ದೋಗವೆ ಕಣವ್ವ. ನಿಂದಾದ್ರೆ ಒಸ ಬೆಳ್ಳು, ನೀನೇ ಒತ್ಬುಡು" ಎಂದರು ಅಜ್ಜಿ. ಜೀವಮಾನದಲ್ಲಿ ಒಂದು ಸೆಗಣಿ ಬುಟ್ಟಿಯನ್ನೂ ಎತ್ತದ ನನ್ನ ನುಣುಪಾದ ಹೆಬ್ಬೆರಳಿಗೆ ಸಿಕ್ಕ ಈ ಪ್ರಶಂಸೆಗೆ ಉಬ್ಬಿ ನಾನು ಒತ್ತಿಯೇ ಬಿಟ್ಟೆ. ಸಾಲ ನನ್ನ ಹೆಸರಿಗಾಯಿತು, ತಮ್ಮ ಖಾತೆ ನನ್ನ ಆಧಾರ್‌ಗೆ ಜೋಡಣೆಯಾಯಿತು.

ಸರ್ಕಾರದ ಸಹಾಯಧನಕ್ಕೆ ಒಂದು ಸ್ವಭಾವವಿದೆ, ಮಾನ್ಯರೇ. ನಾವು ಅರ್ಜಿಯಲ್ಲಿ ಯಾವ ಖಾತೆ ಬರೆದಿದ್ದೇವೆಂದು ಅದು ನೋಡುವುದಿಲ್ಲ, ಆಧಾರ್ ಕಡೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ನೇರವಾಗಿ ನಡೆದುಬಿಡುತ್ತದೆ. ಹಾಗೆ ನನ್ನ ಇಡೀ ವರ್ಷದ ಊಟ-ವಸತಿ ಸಹಾಯಧನ, ಹದಿನೈದು ಸಾವಿರ ರೂಪಾಯಿ, ಕಳೆದ ಸೋಮವಾರ ತಮ್ಮ ಹಸು ಸಾಲದ ಖಾತೆಗೆ ಬಂದು ಇಳಿಯಿತು. ತಾವು ಗಬ್ಬದ ನೆಪದಲ್ಲಿ ಮೊದಲು ಹಾಲು ಇಳಿಸಿ, ಆಮೇಲೆ ಪೂರಾ ನಿಲ್ಲಿಸಿದ್ದರಿಂದ ಡೇರಿಯ ಬಟವಾಡೆ ಬಾರದೆ ತಿಂಗಳುಗಟ್ಟಲೆ ಕಂತು ಬಾಕಿಯಿದ್ದ ಕಾರಣ, ಬ್ಯಾಂಕಿನ ಯಂತ್ರವು ಬಹಳ ಹಸಿದಿತ್ತು. ನನ್ನ ಪಾಲಿಗೆ ಇನ್ನೂರ ಹನ್ನೆರಡು ರೂಪಾಯಿ ಉಳಿಸಿದ ಅದರ ದಾಕ್ಷಿಣ್ಯವನ್ನು ಮರೆಯಲಾರೆ.

ಮ್ಯಾನೇಜರ್ ಸಾಹೇಬರಲ್ಲಿ ಹೋಗಿ ಗೋಳಾಡಿದ್ದಾಯಿತು. ಯಂತ್ರ ನುಂಗಿದ್ದನ್ನು ಕಕ್ಕಿಸುವ ಅಧಿಕಾರ ತಮಗಿಲ್ಲವೆಂದು ಅವರು ವಿಷಾದಿಸಿದರು. ಆದ್ದರಿಂದ ನ್ಯಾಯವಾಗಿ ಯೋಚಿಸಿದರೆ ಈ ಸಾಲಿನ ಫಲಾನುಭವಿ ತಾವೇ. ಫಲಾನುಭವಿಗೆ ನಿಯಮಗಳೂ ಇವೆ. ಶೇಕಡಾ ಎಪ್ಪತ್ತೈದು ಹಾಜರಾತಿ ಕಡ್ಡಾಯ, ಅನುತ್ತೀರ್ಣರಾದರೆ ಮುಂದಿನ ವರ್ಷದ ಹಣ ಬರುವುದಿಲ್ಲ. ದಯಮಾಡಿ ತಾವು ನಾಳೆಯಿಂದಲೇ ಮದ್ದೂರಿನ ಮೇಲೆ ಬರುವ ಬಸ್ಸು ಹಿಡಿದು ಮಂಡ್ಯಕ್ಕೆ ಬಂದು ರಸಾಯನಶಾಸ್ತ್ರದ ಮೊದಲ ಬೆಂಚಿನಲ್ಲಿ ಆಸೀನರಾಗಬೇಕು. ನಮ್ಮ ಪ್ರಾಧ್ಯಾಪಕರು ನೋಟ್ಸ್ ಓದುವಾಗ ತಾವು ಮೆಲುಕು ಹಾಕಿದರೆ ಇಡೀ ತರಗತಿಯಲ್ಲಿ ವಿಷಯವನ್ನು ಅರಗಿಸಿಕೊಳ್ಳುತ್ತಿರುವವರು ತಾವೊಬ್ಬರೇ ಎಂದು ಅವರು ಸಂತೋಷಪಡುವುದು ಖಂಡಿತ.

ಭಾನುವಾರ ಊರಿಗೆ ಬಂದು ಇದನ್ನೆಲ್ಲ ಮುಖಾಮುಖಿ ಬಯ್ಯಬೇಕೆಂದೇ ಕೊಟ್ಟಿಗೆಗೆ ಕಾಲಿಟ್ಟೆ. ತಾವು ಆ ದೊಡ್ಡ ಹೊಟ್ಟೆ ಹೊತ್ತುಕೊಂಡು ಕಷ್ಟಪಟ್ಟು ಎದ್ದು ನಿಂತು ನನ್ನ ಕೈ ನೆಕ್ಕಿದಿರಿ. ಅಷ್ಟರಲ್ಲಿ ಅಜ್ಜಿ, "ಗಬ್ಬದ ಅಸಕ್ಕೆ ಬಯ್ಯಬಾರ್ದು ಕಣವ್ವ, ಪಾಪ" ಎಂದರು. ವೈದ್ಯನಾಥಪುರದ ದೇವರಿಗೆ ತಮ್ಮ ಸುಖಪ್ರಸವಕ್ಕಾಗಿ ಹರಕೆಯನ್ನೂ ಹೊತ್ತಿದ್ದಾರಂತೆ. ನನ್ನ ಪರೀಕ್ಷೆಗೂ ಒಂದು ಹೊರಿ ಎಂದದ್ದಕ್ಕೆ, "ನಿಂಗೇನವ್ವ, ನೀನ್ ಬಾಯ್ ಇರೋಳು" ಎಂದುಬಿಟ್ಟರು. ಬಯ್ಗುಳವನ್ನು ನುಂಗಿಕೊಂಡು ಹಿಂದಿರುಗಿದೆ. ಆ ದಿನ ನನ್ನ ಹೊಟ್ಟೆಗೆ ಬಿದ್ದದ್ದು ಹೆಚ್ಚಾಗಿ ಅದೇ.

ಇನ್ನು ರೂಮಿನ ಸಂಗತಿ. ಕೆಳಮನೆಯ ಜಯಲಕ್ಷ್ಮಮ್ಮನವರು ನಮಗೆ ಮಂಚವನ್ನೂ ಎರಡು ಹೊತ್ತು ಊಟವನ್ನೂ ಕೊಡುವವರು. ಸಹಾಯಧನ ಬರುತ್ತದೆ, ಬರುತ್ತದೆ ಎಂದು ಹೇಳಿಯೇ ನಾನು ಅವರಲ್ಲಿ ಆರು ತಿಂಗಳು ಉಂಡಿದ್ದೇನೆ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಕೂರುವ ಹುಣಸೆಮರದ ಯಜಮಾನರಿಗೆ ಪರಿಹಾರ ಕೊಡುವ ಪದ್ಧತಿಯಿದೆಯೆಂದು ಕೇಳಿದ್ದೇನೆ. ನನ್ನನ್ನು ಕೂರಿಸಿಕೊಂಡ ಈ ತಾಯಿಗೆ ಅಂಥದ್ದೇನೂ ಇಲ್ಲ. ಪರೀಕ್ಷೆಗೆ ಇನ್ನು ಐದೇ ವಾರ. ರೂಮು ಬಿಟ್ಟರೆ ಊರಿನಿಂದ ಓಡಾಡಬೇಕು, ನಮ್ಮೂರಿನ ಮೊದಲ ಬಸ್ಸು ಮಂಡ್ಯ ಮುಟ್ಟುವಷ್ಟರಲ್ಲಿ ಪ್ರಾಕ್ಟಿಕಲ್ ಅರ್ಧ ಮುಗಿದಿರುತ್ತದೆ, ಹಾಜರಾತಿ ಹೋದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಬೇರೆ ದಾರಿ ಕಾಣದೆ, ಬಟ್ಟೆ ಗಂಟು ಕಟ್ಟಿ, ಅವರ ಮುಂದೆ ನಿಂತು, ಹಸು ನನ್ನ ದುಡ್ಡು ತಿಂದ ಕಥೆಯನ್ನು ಒಪ್ಪಿಸಿದೆ.

ಜಯಲಕ್ಷ್ಮಮ್ಮನವರು ಮುದ್ದೆ ತೊಳಸುವ ಕೈ ನಿಲ್ಲಿಸದೆ ಕೇಳಿದ್ದು ಎರಡೇ ಪ್ರಶ್ನೆ: "ಅಸಕ್ಕೆ ಎಸ್ಟು ತಿಂಗ್ಳು?"

"ಒಂಬತ್ತಕ್ಕೆ ಬಿದ್ದದೆ, ಅಕ್ಕ."

"ಕೆಚ್ಲು ಬಿಟ್ಟದಾ?"

"ಬಿಟ್ಟದೆ, ತುಂಬ್ಕೊಂಡದೆ."

"ಹಂಗಾರೆ ಗಂಟು ಬಿಚ್ಚು, ಮೇಲಕ್ಕೋಗು. ಕರ ಹಾಕಗಂಟ ಕಾಯ್ತೀನಿ. ಓದೋ ಮಕ್ಳ ಮಾತ ನಂಬಕಾಗಕಿಲ್ಲ, ಗಬ್ಬದ ಅಸ ನಂಬಬೋದು."

ಬಿ.ಎಸ್ಸಿ.ಯಲ್ಲಿ ನಾನು ಗಳಿಸಿದ ಚಿನ್ನದ ಪದಕಕ್ಕೆ ಬಗ್ಗದ ಲೋಕವು ತಮ್ಮ ಕೆಚ್ಚಲಿಗೆ ಬಗ್ಗಿತು, ಮಾನ್ಯರೇ. ಆದಕಾರಣ ದೂರಿನ ಈ ಪತ್ರವು ಇಲ್ಲಿಂದ ಮುಂದಕ್ಕೆ ಬೇಡಿಕೆಯ ಪತ್ರವಾಗುತ್ತಿದೆ. ತಾವು ದನದ ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ, ಯಾವ ತೊಡಕೂ ಇಲ್ಲದೆ, ಸಾಧ್ಯವಾದರೆ ಅವರು ಎಚ್ಚರವಿರುವ ಹೊತ್ತಿನಲ್ಲಿ ಕರು ಹಾಕಬೇಕು. ಗಿಣ್ಣು ಮುಗಿದು ಡೇರಿಗೆ ಹಾಲು ಹೋಗತೊಡಗಿದ ಮೇಲೆ ಮೊದಲ ಬಟವಾಡೆ ಗುತ್ತಲಿನ ಜಯಲಕ್ಷ್ಮಮ್ಮನವರಿಗೆ ಎಂದು ಅಜ್ಜಿ ಒಪ್ಪಿದ್ದಾರೆ. ಹೊತ್ತಿಗೆ ಎಂಟು ಲೀಟರ್ ಕೊಟ್ಟರೆ ನನ್ನ ಊಟ, ಹತ್ತು ಕೊಟ್ಟರೆ ಊಟದ ಜೊತೆ ಪರೀಕ್ಷಾ ಶುಲ್ಕ. ಒದೆಯುವ ಮನಸ್ಸಾದರೆ ಅಜ್ಜಿಯನ್ನು ಬಿಟ್ಟು ನನಗಾಗಿ ಕಾದಿರಿಸಬೇಕು. ಮತ್ತು ಇದು ತಮಾಷೆಯಲ್ಲ: ತಾವು ಚೆನ್ನಾಗಿರಬೇಕು. ದುಡ್ಡು ಇನ್ನೊಂದು ವರ್ಷವೂ ಬಂದೀತು, ತಮಗೇನಾದರೂ ಆದರೆ ಅಜ್ಜಿ ಮುದ್ದೆ ಮುಟ್ಟುವುದಿಲ್ಲ.

ತಮ್ಮ ಹಿಂಡಿಯ ಪ್ರಾಯೋಜಕಳೂ, ತಮ್ಮ ಕೆಚ್ಚಲನ್ನೇ ನಂಬಿ ರಸಾಯನಶಾಸ್ತ್ರ ಓದುತ್ತಿರುವ
ತಮ್ಮ ವಿಶ್ವಾಸಿ,
ಗಗನ
ಗುತ್ತಲು, ಮಂಡ್ಯ

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ಬ್ಯಾಂಕಿನಿಂದ ಅಭಿನಂದನೆಯೊಂದು ಮೊಬೈಲಿಗೆ ಬಂದಿದೆ. ಬಾಕಿ ಕಂತುಗಳನ್ನು ಒಂದೇ ಏಟಿಗೆ ತೀರಿಸಿದ ಶಿಸ್ತಿನ ಗ್ರಾಹಕಳೆಂದು ಮೆಚ್ಚಿ, ನಾನು ಕೇಳದಿದ್ದರೂ ಇನ್ನೊಂದು ರಾಸಿಗೆ ಸಾಲ ಮಂಜೂರು ಮಾಡಿದ್ದಾರೆ. ಹೆಬ್ಬೆರಳು ಒತ್ತುವುದೊಂದೇ ಬಾಕಿ. ಮುಂದೆ ಪಿಎಚ್.ಡಿ. ಮಾಡುವ ನನ್ನ ಆಸೆಗೆ ಇದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಈ ದೇಶದಲ್ಲಿ ಸಿಗಲಾರದೆಂದು ಪಕ್ಕದ ಮಂಚದ ನಯನಳ ಅಭಿಪ್ರಾಯ. ಅವಳ ಸಲಹೆಯನ್ನು ಯಥಾವತ್ತಾಗಿ ಬರೆಯುತ್ತೇನೆ, ತಾವು ಅನ್ಯಥಾ ಭಾವಿಸಬಾರದು: "ಲೇ, ಎಮ್ಮೆಸ್ಸಿಗೆ ಅಸ ಸಾಕು ಕಣೆ. ಪಿಎಚ್.ಡಿ.ಗೆ ಎಮ್ಮೆನೇ ಕಟ್ಬೇಕು, ಫ್ಯಾಟು ಜಾಸ್ತಿ."