ದೊಡ್ಡಮ್ಮನ ಹಾಡಿಗೆ ನಾನು ಮಾಡಿದ ತಿದ್ದುಪಡಿ

ಈ ಪ್ರಪಂಚದಲ್ಲಿ ನನ್ನದು ಅಂತ ಹೇಳಿಕೊಳ್ಳಲು ಒಂದೇ ಒಂದು ಹಾಡಿತ್ತು. ಅದೂ ಪೂರ್ತಿ ಅಲ್ಲ, ಒಂದು ಸಾಲು. ನನಗೆ ಮೂರು ವರ್ಷ ತುಂಬುವ ಮೊದಲೇ ತೀರಿಹೋದ ನನ್ನ ಅವ್ವ ರಾಗಿ ಬೀಸುತ್ತಾ ಹಾಡುತ್ತಿದ್ದದ್ದು: ‘ಹುಣಸೆಯ ನೆರಳಾಗೆ ಹಸುಗೂಸ ಮಲಗಿಸಿ...’ ಮುಂದಿನದು ಮರೆತಿದೆ. ಅವ್ವನ ಮುಖವೂ ಮರೆತಿದೆ.

ಅಷ್ಟು ಸಣ್ಣ ಕೂಸಿಗೆ ಹಾಡಿನ ಸಾಲು ಹೇಗೆ ನೆನಪಿರುತ್ತದೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸರೋಜ ಮದುವೆಯಾದ ಮೊದಲ ವಾರವೇ ಕೇಳಿದ್ದಳು. “ಅದು ನೆನಪಲ್ಲ, ಪ್ರಜ್ಞೆಯ ತಳ” ಎಂದು ಉತ್ತರ ಕೊಟ್ಟಿದ್ದೆ. ಅದು ಎಪ್ಪತ್ತರ ದಶಕ. ಚಿತ್ರದುರ್ಗದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಾ, ಅಲ್ಪವಿರಾಮ ಪೂರ್ಣವಿರಾಮ ಯಾವುದೂ ಇಲ್ಲದ ಕವಿತೆಗಳನ್ನು ಬರೆಯುತ್ತಿದ್ದೆ. ಆಗ ಹಾಗೆಲ್ಲ ಮಾತಾಡಲೇಬೇಕಿತ್ತು!

ಆ ಒಂದು ಸಾಲಿನ ಮೇಲೆ ನಲವತ್ತು ಸಾಲಿನ ಕವಿತೆ ಕಟ್ಟಿ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದೆ. ಅದರಲ್ಲಿ ಹುಣಸೆ ಹನ್ನೊಂದು ಸಲ ಬರುತ್ತದೆ. ಓದಿದ ಇಬ್ಬರೂ ಮೆಚ್ಚಿಕೊಂಡರು.

ಮುಂದಿನ ಸಾಲುಗಳು ಗೊತ್ತಿದ್ದವರು ಭೂಮಿಯ ಮೇಲೆ ಒಬ್ಬರೇ, ನಮ್ಮ ದೊಡ್ಡಮ್ಮ. ಅವ್ವನ ಅಕ್ಕ. ಅವ್ವನ ಎದುರು ಕೂತು, ಬೀಸುಕಲ್ಲಿನ ಒಂದೇ ಗೂಟ ಹಿಡಿದು ಬೀಸಿದವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಹೊರಕೆರೆದೇವಪುರದ ಹತ್ತಿರದ ಹಳ್ಳಿಯಲ್ಲಿದ್ದಳು. ಎಪ್ಪತ್ತು ದಾಟಿತ್ತು, ಉಬ್ಬಸ ಬೇರೆ. ಇವಳ ಜೊತೆ ಹಾಡೂ ಹೋಗುತ್ತದೆ ಎಂದು ಹೊಳೆದದ್ದೇ ತಡ, ವಿಜ್ಞಾನ ಪಾಠ ಮಾಡುವ ಗೆಳೆಯನ ಕೈಕಾಲು ಹಿಡಿದು ಸೆಲ್ ಹಾಕುವ ಟೇಪ್ ರೆಕಾರ್ಡರ್ ತಂದೆ.

“ಒಂದು ಗುಂಡಿ ಒತ್ತೋದು, ಅಷ್ಟೆ,” ಎಂದೆ ಸರೋಜಳಿಗೆ. “ಬೆಳಿಗ್ಗೆ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ವಾಪಸ್.”

“ಗುಂಡಿ ಒತ್ತೋದು ಯಾರು?”

“ನಾನು.”

“ಹಂಗಾದ್ರೆ ರಾತ್ರಿಗೂ ಬುತ್ತಿ ಕಟ್ಕಂತೀನಿ,” ಎಂದಳು.

ಹೊಳಲ್ಕೆರೆಯಲ್ಲಿ ಬಸ್ಸು ಬದಲಾಯಿಸಿ ಊರು ಸೇರಿದಾಗ ದೊಡ್ಡಮ್ಮ ಪೆಟ್ಟಿಗೆಯ ರೇಷ್ಮೆ ಸೀರೆ ಉಟ್ಟು, ಉಸಿರು ಬಿಗಿಹಿಡಿದು, ಜಗುಲಿಯ ಮೇಲೆ ನೆಟ್ಟಗೆ ಕೂತಿದ್ದಳು. ನಾನು ಕಾಗದದಲ್ಲಿ ‘ಯಂತ್ರ ತರುತ್ತೇನೆ’ ಎಂದಷ್ಟೇ ಬರೆದಿದ್ದೆ. ಸೀರೆ ಹಸಿರು ಅಂತ ನನ್ನ ನೆನಪು. ಕೆಂಪು ಅನ್ನುತ್ತಾಳೆ ಸರೋಜ. ಇಬ್ಬರಲ್ಲಿ ಯಾರನ್ನು ನಂಬಬೇಕೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

“ಫೋಟೋ ಅಲ್ಲ ದೊಡ್ಡಮ್ಮ. ಇದು ಹಾಡು ಹಿಡಿಯೋ ಪೆಟ್ಟಿಗೆ.”

“ಮದ್ಲೇ ಹೇಳಬಾರ್ದೇನೋ ತಿಪ್ಪೇಶ! ಈ ಸೆಕೆಯಾಗೆ ರೇಷ್ಮೆ ಸುತ್ಕಂಡು ಕುಂತೀನಿ.”

ಅವಳನ್ನು ಒಳಗೆ ಕುರ್ಚಿಯ ಮೇಲೆ ಕೂರಿಸಿ, ಮೈಕು ಹಿಡಿದು, ಗುಂಡಿ ಒತ್ತಿ, “ಹ್ಞೂಂ, ಹಾಡು” ಎಂದೆ. ದೊಡ್ಡಮ್ಮ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

“ಬರವಲ್ದು ಕಣಪ್ಪ. ಕೈ ಆಡಿದ್ರೆ ಬಾಯಿ ಆಡ್ತೈತೆ. ಸುಮ್ನೆ ಕುಂತು ಬೀಸೋ ಪದ ಹೇಳು ಅಂದ್ರೆ ಹೆಂಗೆ?”

ಸರಿ, ಬೀಸುಕಲ್ಲು ತರೋಣ! ಊರಿಗೆ ಹಿಟ್ಟಿನ ಗಿರಣಿ ಬಂದು ವರ್ಷಗಳಾಗಿದ್ದವು. ಕೆಳಗಿನ ಕಲ್ಲು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಡೆ ಇತ್ತು. ಮೇಲಿನದು ಕೋಳಿಗೂಡಿನ ಬಾಗಿಲು ಕಾಯುತ್ತಿತ್ತು. ಎರಡನ್ನೂ ಹೊತ್ತು ತಂದೆ. ಮೇಲಿನದನ್ನು ಮೊದಲು ನನ್ನ ಕಾಲಿನ ಮೇಲೆ, ಆಮೇಲೆ ನೆಲದ ಮೇಲೆ ಇಳಿಸಿದೆ. ಕೋಳಿಗಳು ಊರ ತುಂಬ ಹರಡಿದವು.

“ತಿರುಗಿಸು ದೊಡ್ಡಮ್ಮ.”

“ಬರೀ ಕಲ್ಲು ತಿರುಗಿಸ್ತಾರೇನಲೇ? ಮನೆಗೆ ಒಳ್ಳೇದಲ್ಲ. ರಾಗಿ ತಾ.”

ಮನೆಯಲ್ಲಿದ್ದದ್ದು ಗಿರಣಿಯ ಹಿಟ್ಟು! ಪಕ್ಕದ ಮನೆಯ ಗೌರಮ್ಮ ಒಂದು ಮೊರ ರಾಗಿ ಕೊಟ್ಟಳು. ರಾಗಿಯ ಹಿಂದೆ ತಾನೂ ಬಂದಳು. ಅವಳ ಹಿಂದೆ ಓಣಿಯೇ ಬಂದು ಜಗುಲಿಯಲ್ಲಿ ತುಂಬಿಕೊಂಡಿತು. ಬೀಸಲು ಎದುರಿಗೊಬ್ಬರು ಬೇಕೆಂದು ಸರೋಜ ಸೆರಗು ಸಿಕ್ಕಿಸಿ ಕೂತಳು. ಕಲ್ಲು ಎರಡು ಸುತ್ತು ತಿರುಗಿತು. ಮೂರನೆಯ ಸುತ್ತಿಗೆ ದೊಡ್ಡಮ್ಮನ ಗಂಟಲಿನಿಂದ ಹಾಡು ಎದ್ದುಬಂತು. ಉಬ್ಬಸ ಎಲ್ಲಿ ಹೋಯಿತೋ!

ನಾನು ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

“ತಾಳು ದೊಡ್ಡಮ್ಮ, ಕಲ್ಲಿನ ಸದ್ದು ಜಾಸ್ತಿ ಆಯ್ತು.” ಕಲ್ಲಿನ ಕೆಳಗೆ ಗೋಣಿಚೀಲ ತೂರಿಸಿದೆ. ಕಲ್ಲು ವಾಲಿತು. ಚೀಲ ತೆಗೆದೆ.

ಮತ್ತೆ ಶುರುವಾಯಿತು. ಅಗೋ, ನನ್ನ ಸಾಲು! ‘ಹೊಂಗೆಯ ನೆ...’

“ತಾಳು, ತಾಳು!” ಎನ್ನುತ್ತಾ ಯಂತ್ರ ನಿಲ್ಲಿಸಿದೆ. “ಹೊಂಗೆ ಅಲ್ಲ, ಹುಣಸೆ.”

ದೊಡ್ಡಮ್ಮ ಕೈ ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು. “ಹುಣಸೆ ಮರದ ಕೆಳಗೆ ಯಾರಾದ್ರೂ ಕೂಸು ಮಲಗಿಸ್ತಾರೇನೋ? ದೆವ್ವ ಬಡ್ಕಂಬಾಕೆ? ನಿಮ್ಮವ್ವ ಹೊಂಗೆ ಅಂತಿದ್ಲು. ನಾನು ಒಂದೊಂದ್ಸಲ ಬೇವು ಅಂತಿದ್ದೆ.”

ಈಗ ನನ್ನ ಸ್ಥಿತಿಯನ್ನು ಯೋಚಿಸಿ. ಹನ್ನೊಂದು ಹುಣಸೆಗಳು ಅಚ್ಚಾಗಿ ಹೋಗಿವೆ! ತಪ್ಪಾದದ್ದು ಪ್ರಜ್ಞೆಯ ತಳವೋ, ದೊಡ್ಡಮ್ಮನೋ? ನಾನು ದೊಡ್ಡಮ್ಮನೆಂದು ತೀರ್ಮಾನಿಸಿದೆ.

“ನಂಗೆ ಚೆನ್ನಾಗಿ ನೆನಪೈತೆ ದೊಡ್ಡಮ್ಮ, ಹುಣಸೇನೇ. ಹಾಗೇ ಹಾಡು.”

“ಓದಿರೋನಿಗೆ ಗೊತ್ತಿರ್ತೈತೆ ಬಿಡು,” ಎಂದಳು. ನಾನು ಮತ್ತೆ ಗುಂಡಿ ಒತ್ತಿದೆ. ಆ ಮಹಾತಾಯಿ ಸಾಲನ್ನು ಹುಣಸೆ ಹಾಕಿಯೇ ಹಾಡಿದಳು. ನನಗೆ ಪರಮಾನಂದ. ಅದರ ಬೆನ್ನಿಗೇ ಮುಂದಿನ ಸಾಲು ಬಂತು, ‘ನನ್ನ ತಿಪ್ಪೇಶಯ್ಯ...’

ಟಕ್! ಗುಂಡಿ ಒತ್ತಿ ಯಂತ್ರ ನಿಲ್ಲಿಸಿದೆ.

“ದೊಡ್ಡಮ್ಮ, ನನ್ನ ಮೇಲಿನ ಪ್ರೀತಿಗೆ ನನ್ನ ಹೆಸರೆಲ್ಲ ಸೇರಿಸಬೇಡ. ನಂಗೆ ಮೂಲ ಪದ ಬೇಕು.”

“ಮೂಲ ಅಂದ್ರೆ?”

“ಅವ್ವ ಹೆಂಗೆ ಹಾಡ್ತಿದ್ಲೋ ಹಂಗೇ.”

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜಗುಲಿಯಲ್ಲಿ ಯಾರೋ ಗೊಳ್ಳೆಂದು ನಕ್ಕರು. ನಾನು ಎದ್ದು ಆಚೆ ಹೋಗಿ ಜನಪದ ಸಾಹಿತ್ಯದ ಮಹತ್ವ ಮತ್ತು ಮೌನದ ಅಗತ್ಯ ಎಂಬ ವಿಷಯವಾಗಿ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಓಣಿ ಗಪ್‌ಚುಪ್ ಆಯಿತು. ಒಳಗೆ ಕಲ್ಲಿನ ಸದ್ದು, ಅದರ ಮೇಲೆ ಹಾಡಿನ ಎಳೆ ಕೇಳುತ್ತಿತ್ತು. ‘ರೂಢಿ ಮಾಡಿಕೊಳ್ಳುತ್ತಿದ್ದಾಳೆ, ಒಳ್ಳೆಯದೇ’ ಎಂದುಕೊಂಡೆ.

ಒಳಗೆ ಬಂದು ಗುಂಡಿಯ ಮೇಲೆ ಬೆರಳಿಟ್ಟು, “ಈಗ ಶುರು ಮಾಡು” ಎಂದೆ.

ದೊಡ್ಡಮ್ಮ ಕಲ್ಲಿನ ಸುತ್ತಲಿನ ಹಿಟ್ಟು ಬಳಿಯುತ್ತಿದ್ದಳು. “ರಾಗಿ ಆಗೋಯ್ತಲ್ಲಪ್ಪ.”

“ಇನ್ನೊಂದು ಮೊರ ತರ್ತೀನಿ.”

“ಇವತ್ತಿಂದು ಇವತ್ತಿಗೆ. ರಾಗಿ ಮುಗಿದ ಮ್ಯಾಲೆ ಪದ ಎಳೀಬಾರ್ದು. ಸುಗ್ಗಿ ಆಗ್ಲಿ ಬಾ, ಹೊಸ ರಾಗಿ ಬೀಸಾಣ.” ಉಬ್ಬಸ ಮರಳಿ ಬಂದಿತ್ತು. ಆ ಹಿಟ್ಟಿನಲ್ಲೇ ಮುದ್ದೆ ಮಾಡಿ ಬಡಿಸಿದಳು. ನಾನು ನಾಲ್ಕು ಮುದ್ದೆ ನುಂಗಿದೆ. ಸರೋಜ ಒಂದನ್ನೂ ಮುಗಿಸಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು.

“ಯಾಕೆ, ಕೈ ನೋವಾ?”

“ನಿಮ್ಮ ಹೆಸರು ಸೇರಿಸಿದ್ದು ದೊಡ್ಡಮ್ಮ ಅಲ್ಲ ರೀ,” ಎಂದಳು. “ನಿಮ್ಮವ್ವ. ಕಾಯಿಲೆ ಬಿದ್ದಾಗ ಕಟ್ಟಿದ್ದಂತೆ. ನೀವು ಆಚೆ ಭಾಷಣ ಮಾಡೋವಾಗ ದೊಡ್ಡಮ್ಮ ಪೂರ್ತಿ ಹಾಡಿದ್ರು. ನಿಮ್ಮನ್ನ ಅಕ್ಕನ ಸೊಂಟಕ್ಕೆ ಕೊಟ್ಟು ಹೋಗ್ತೀನಿ ಅಂತ ಬರ್ತೈತೆ ಅದರಾಗೆ.”

ಬಸ್ಸು ಯಾವುದೋ ಊರಲ್ಲಿ ನಿಂತು ಹೊರಟಿತು. ಆಮೇಲೆ ಕೇಳಿದೆ, “ಸಾಲು ಹೆಂಗಿತ್ತು?”

“ನಂಗೆಲ್ಲಿ ನೆನಪಿರ್ತೈತೆ? ಒಂದು ಕೈಲಿ ಬೀಸ್ತಿದ್ದೆ, ಒಂದು ಕೈಲಿ ಕಣ್ಣು ಒರೆಸ್ಕಂತಿದ್ದೆ.”

ಸುಗ್ಗಿಗೆ ಹೋಗಬೇಕೆಂದು ಇಬ್ಬರೂ ನಿಶ್ಚಯಿಸಿದೆವು. ಸುಗ್ಗಿಗೆ ಮೊದಲೇ ದೊಡ್ಡಮ್ಮ ಹೋದಳು.

ತಿಥಿಯ ದಿನ ಊಟವಾದ ಮೇಲೆ ನೆಂಟರೆಲ್ಲ, “ಆವಮ್ಮನ ಪದ ಹಿಡ್ಕಂಡಿದ್ಯಂತಲ್ಲ, ಹಾಕಪ್ಪ” ಎಂದರು. ಬೇಡವೆಂದರೂ ಬಿಡಲಿಲ್ಲ. ಹಾಕಿದೆ. ಮೊದಲು ಬಂದದ್ದು, ‘ಹ್ಞೂಂ, ಹಾಡು.’ ಆಮೇಲೆ, ‘ತಾಳು ದೊಡ್ಡಮ್ಮ.’ ಆಮೇಲೆ ಗೋಣಿಚೀಲದ ವಿಚಾರ. ಆಮೇಲೆ, ಹೊಂಗೆಯ ಮೇಲೇ ಕೂಗಿ ಅದನ್ನು ಮುಚ್ಚಿಹಾಕಿದ್ದ ನನ್ನ ‘ತಾಳು, ತಾಳು!’ ದೊಡ್ಡಮ್ಮನ ತಮ್ಮ, ನನ್ನ ಸೋದರಮಾವ, ಹೊಸದುರ್ಗದಿಂದ ಬಂದಿದ್ದ. ಕಿವಿ ಸ್ವಲ್ಪ ಮಂದ. ಯಂತ್ರಕ್ಕೆ ಕಿವಿ ಹಚ್ಚಿ ಕೂತಿದ್ದವನು ತಲೆಯೆತ್ತಿದ.

“ಯಾವನಲೇ ಅವನು ಮೇಷ್ಟ್ರು? ನಮ್ಮಕ್ಕನ್ನ ಉಸಿರು ಬಿಡಾಕೆ ಬಿಡವಲ್ಲ!”

ಎಲ್ಲರೂ ಬಹಳ ಮರ್ಯಾದೆಯಿಂದ ಸೂರು ನೋಡಿದರು.

ಅಷ್ಟರಲ್ಲಿ ಆ ಇಡೀ ಟೇಪಿನಲ್ಲಿ ಪೂರ್ತಿಯಾಗಿ ಉಳಿದಿದ್ದ ಒಂದೇ ಸಾಲು ಬಂತು. ಗರಗರ ಕಲ್ಲಿನ ಮೇಲೆ ದೊಡ್ಡಮ್ಮನ ಕಂಚಿನಂಥ ಗಂಟಲು, ‘ಹುಣಸೆಯ ನೆರಳಾಗೆ...’ ಆಮೇಲೆ ‘ನನ್ನ ತಿಪ್ಪೇಶಯ್ಯ’. ಟಕ್.

ಮಾವ ಕಣ್ಣೊರೆಸಿಕೊಂಡ. “ಹುಣಸೆ ಅಂದ್ಲಲ್ಲೋ! ಹೊಂಗೆ ಅಲ್ವಾ ಅದು? ಪಾಪ, ಕೊನೆಗಾಲಕ್ಕೆ ಮರೆವು ಬಂದಿತ್ತು ನಮ್ಮಕ್ಕಂಗೆ. ಅಲ್ವೇನೋ ತಿಪ್ಪೇಶ?”

ಹೇಳಬಹುದಾಗಿತ್ತು. ಕಾಲೇಜಿನಲ್ಲಿ ಸತ್ಯದ ಮೇಲೆ ನಾನು ಎಷ್ಟೋ ಪಾಠ ಮಾಡಿದ್ದೇನೆ.

“ಇರಬಹುದು ಮಾವ,” ಎಂದೆ.

ಸರೋಜ ಎದ್ದು ಬಂದು, ನನ್ನ ಮುಖ ನೋಡದೆ, ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು. ಆ ಇಡೀ ಪ್ರಕರಣದಲ್ಲಿ ಸರಿಯಾದ ಸಮಯಕ್ಕೆ ಗುಂಡಿ ಒತ್ತಿದವಳು ಅವಳೊಬ್ಬಳೇ.