ತವರಿನ ಡಬ್ಬಿಗೆ ತೂತು

ತೂತು ಎರಡೇ. ಅದೂ ಭಾರಿ ದೊಡ್ಡದೇನಲ್ಲ, ಕಡಲೆಕಾಳು ತೂರುವಷ್ಟು. ಆದರೆ ಬಿದ್ದದ್ದು ಯಾತಕ್ಕೆ ಅಂತೀರಿ? ಹೆಂಡತಿಯ ತವರಿನಿಂದ ಬಂದ ಸ್ಟೀಲ್ ಡಬ್ಬಿಗೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ರಂಗಲಕ್ಷ್ಮಮ್ಮ ಕೊಂಡಪ್ಪ, ಕಲ್ಯಾಣದುರ್ಗ’ ಎಂದು ಹೆಸರು ಕೆತ್ತಿಸಿಕೊಂಡು ಬಂದ ಡಬ್ಬಿ ಅದು. ಅಂಥ ಡಬ್ಬಿಗೆ ಡ್ರಿಲ್ಲು ಹಿಡಿಯುವ ಧೈರ್ಯ ಇಡೀ ಹಿಂದೂಪುರದಲ್ಲಿ ಉಮಾಶಂಕರನೊಬ್ಬನಿಗೇ ಇತ್ತೆಂದು ಕಾಣುತ್ತದೆ.

ಉಮಾಶಂಕರ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಗೂಡು ತೂಗಿಸುವ ಗುಮಾಸ್ತ. ಸಾಧು ಮನುಷ್ಯ. ಕುಡಿತವಿಲ್ಲ, ಇಸ್ಪೀಟಿಲ್ಲ, ಇದ್ದದ್ದು ರೇಡಿಯೊ ಹುಚ್ಚು ಒಂದೇ. ಲೈಸೆನ್ಸು ತೆಗೆದುಕೊಂಡು, ತಾರಸಿಯ ಮೇಲೆ ತಾನೇ ತಂತಿ ಕಟ್ಟಿ, ಭಾನುವಾರವೆಲ್ಲ ಕಾಣದ ಊರಿನ ಕಾಣದ ಜನರ ಜೊತೆ ‘ನನ್ನ ಮಾತು ಕೇಳಿಸ್ತಾ, ನಿಮ್ಮದು ಕೇಳಿಸ್ತಾ ಇದೆ’ ಎಂದು ಹರಟುತ್ತಿದ್ದ. ‘ಇಲ್ಲಿ ನಾನು ಕೂಗಿದ್ದು ಮಾತ್ರ ಕೇಳ್ಸಲ್ಲ’ ಎಂದು ಹೆಂಡತಿ ಭಾರ್ಗವಿ ಅಡಿಗೆಮನೆಯಿಂದ ಹೇಳುತ್ತಿದ್ದಳು.

ಈಚೆಗೆ ಅವನು ಅಗ್ಗದ ದರಕ್ಕೆ ಒಂದು ನೆಟ್‌ವರ್ಕ್ ಅನಲೈಸರ್ ತರಿಸಿದ್ದ. ಅಂಗೈಯಲ್ಲಿ ಹಿಡಿಯುವಂಥ ಯಂತ್ರ. ತಂತಿಗೆ ಸಿಕ್ಕಿಸಿದರೆ ಅದರೊಳಕ್ಕೆ ಸಣ್ಣ ಅಲೆಯೊಂದನ್ನು ಬಿಟ್ಟು, ಎಷ್ಟು ಮುಂದಕ್ಕೆ ಹೋಯಿತು, ಎಷ್ಟು ತಿರುಗಿ ಬಂತು ಎಂದು ಗೆರೆ ಎಳೆದು ತೋರಿಸುತ್ತದೆ. ಬಾವಿಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಅದೇ ಲೆಕ್ಕ. ಆದರೆ ಅಗ್ಗದ ಮಾಲು. ಪಕ್ಕದಲ್ಲಿ ಕೈಯಾಡಿಸಿದರೂ ಗೆರೆ ಗಡಗಡ ನಡುಗುತ್ತಿತ್ತು. ಅದನ್ನು ಲೋಹದ ಡಬ್ಬಿಯೊಳಗೆ ಕೂರಿಸಿ, ಹಳೆಯ ಫೋನಿನ ದೊಡ್ಡ ಬ್ಯಾಟರಿ ಹಾಕಿದರೆ ಸರಿಹೋದೀತು ಎಂದು ಉಮಾಶಂಕರನಿಗೆ ಹೊಳೆಯಿತು. ಕೈಗೆ ಸಿಕ್ಕಿದ ಡಬ್ಬಿ ಅತ್ತೆಯದು. ವೈರು ಸಿಕ್ಕಿಸಲು ಎರಡು ತೂತು ಕೊರೆದ. ಗೆರೆ ನೆಟ್ಟಗೆ ನಿಂತಿತು. ಅವನು ಖುಷಿಯಿಂದ ಕುಣಿಯುವುದೊಂದು ಬಾಕಿ.

ಬೆಳಿಗ್ಗೆ ತವರಿಗೆ ಹೊರಟು ನಿಂತು, ಚಕ್ಕುಲಿ ತುಂಬಲು ಡಬ್ಬಿ ಹುಡುಕಿದ ಭಾರ್ಗವಿಗೆ ಆ ಕುಣಿತ ಹಿಡಿಸಲಿಲ್ಲ.

“ನಮ್ಮವ್ವನ ಹೆಸರಿರೋ ಡಬ್ಬೀಗೆ ತೂತು ಹೊಡ್ದಿದೀರಲ್ರೀ! ನಿಮ್ಮವ್ವನ ಡಬ್ಬಿ ಇರ್ಲಿಲ್ವಾ?”

“ಅದು ಪ್ಲಾಸ್ಟಿಕ್ಕು ಕಣೆ. ಪ್ಲಾಸ್ಟಿಕ್ಕು ಅಲೆ ತಡಿಯಲ್ಲ.”

“ನಾನೂ ಇನ್ಮೇಲೆ ತಡಿಯಲ್ಲ. ಕೇಳಿಸ್ಕೊಳ್ರಿ. ಈ ಡಬ್ಬೀನ ಹಿಂಗೇ ಕಲ್ಯಾಣದುರ್ಗಕ್ಕೆ ತಗೊಂಡು ಬನ್ನಿ. ಅಲ್ಲಿ ನಮ್ಮವ್ವನ ಕಣ್ಮುಂದೆ ಇದ್ರಿಂದ ಏನಾದ್ರೂ ಒಂದು ಉಪಯೋಗ ಆಯ್ತದೆ ಅಂತ ತೋರ್ಸಿ. ಇಲ್ದಿದ್ರೆ ಸಾಯಂಕಾಲ ಬಂದೋಳೇ ಇದನ್ನೂ, ತಾರಸಿ ಮೇಲಿನ ತಂತೀನೂ ಎಲ್ಲಾನೂ ಗುಜರಿಗೆ ಹಾಕ್ಬುಡ್ತೀನಿ. ಉಡುಸಲಮ್ಮನಾಣೆ!”

ಮನೆದೇವರ ಆಣೆ ಬಿದ್ದ ಮೇಲೆ ಮಾತಿಲ್ಲ. ಆ ತಂತಿಗಳನ್ನು ಉಮಾಶಂಕರ ಮಕ್ಕಳಂತೆ ಸಾಕಿದ್ದ.

ಬಸ್ಸಿನಲ್ಲಿ ಭಾರ್ಗವಿ ಮುನಿಸಿಕೊಂಡು ಮುಂದಿನ ಸೀಟಿಗೆ ಹೋಗಿ ಕೂತು ನಿದ್ದೆ ಹೋದಳು. ಪೆನುಕೊಂಡದಲ್ಲಿ ಪೋಲಮ್ಮ ಬಸ್ಸು ಹತ್ತಿ ಇವನ ಪಕ್ಕದಲ್ಲೇ ಕೂತಳು. ಪೋಲಮ್ಮ ಅತ್ತೆಯ ಎದುರುಮನೆಯವಳು. ಬೀದಿಯ ಸುದ್ದಿ ಅವಳಿಗೆ ತಿಳಿಯದೆ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಬ್ಯಾಟರಿ ಎಷ್ಟಿದೆ ನೋಡೋಣವೆಂದು ಉಮಾಶಂಕರ ಮುಚ್ಚಳ ತೆಗೆದದ್ದೇ ತಡ, ಅವಳ ಕುತ್ತಿಗೆ ಒಂದು ಗೇಣು ಉದ್ದವಾಯಿತು. ಬೀದಿಯ ಅಳಿಯನನ್ನು ಅವಳು ತೆಲುಗಿನಲ್ಲಿ ‘ಅಲ್ಲುಡುಗಾರು’ ಎಂದೇ ಕರೆಯುವುದು.

“ಏಮಪ್ಪಾ ಅಲ್ಲುಡುಗಾರೂ, ಊಟದ ಡಬ್ಬೀಲಿ ಟಿವಿ ಮಡಗಿದ್ದೀಯಾ?”

ಬೆಳಗಿನಿಂದ ಬೈಗುಳವನ್ನೇ ತಿಂದಿದ್ದ ಉಮಾಶಂಕರನಿಗೆ ಕೇಳುವವರು ಸಿಕ್ಕಿದ್ದೇ ಹಬ್ಬವಾಯಿತು. “ಟಿವಿ ಅಲ್ಲಮ್ಮ. ಒಳಗೆ ಕಾಣದಂಗೆ ಏನಿದ್ರೂ, ಇಷ್ಟು ದೂರದಲ್ಲಿದೆ ಅಂತ ಹೊರಗಿಂದಲೇ ಹೇಳ್ತದೆ” ಎಂದುಬಿಟ್ಟ.

ಪೋಲಮ್ಮ ಕಿಟಕಿಯಾಚೆ ಕೋಟೆ ಬೆಟ್ಟವನ್ನು ನೋಡಿದಳು. ಡಬ್ಬಿಯನ್ನು ನೋಡಿದಳು. ಮತ್ತೆ ಬೆಟ್ಟವನ್ನು ನೋಡಿದಳು. ಆಮೇಲೆ ಕಲ್ಯಾಣದುರ್ಗ ಬರುವವರೆಗೂ ಬಾಯಿ ಬಿಡಲಿಲ್ಲ. ಪೋಲಮ್ಮ ಸುಮ್ಮನಿದ್ದರೆ ಏನೋ ಕಾದಿದೆಯೆಂದು ತಿಳಿಯುವಷ್ಟು ಲೋಕಜ್ಞಾನ ಉಮಾಶಂಕರನಿಗೆ ಇರಲಿಲ್ಲ.

ಗಂಡಹೆಂಡಿರು ಹೂವು ಹಣ್ಣು ಕೊಂಡು ಬೀದಿಗೆ ಬರುವಷ್ಟರಲ್ಲಿ ಪೋಲಮ್ಮ ಶೇರ್ ಆಟೊ ಹಿಡಿದು ಮುಂದಾಗಿ ಬಂದು ಸುದ್ದಿ ಹಬ್ಬಿಸಿದ್ದಳು. ಅತ್ತೆಯ ಮನೆ ಮುಂದೆ ಜನವೋ ಜನ. “ಬಂದ್ರು ಬಂದ್ರು! ನಿಧಿ ಹುಡುಕೋ ಮಿಷನ್ನು ಬಂತು!” ಎಂದು ಯಾರೋ ಕೂಗಿದರು. “ಮೊದಲು ನಮ್ಮ ಹಿತ್ತಲಿಗೆ ಬಾರಪ್ಪ, ನಮ್ಮ ತಾತ ಲಂಕೆಬಿಂದೆ ಹೂತಿದ್ನಂತೆ, ಚಿನ್ನ ತುಂಬಿದ ಜೋಡಿ ಬಿಂದಿಗೆ!” ಎಂದು ಇನ್ನೊಬ್ಬರು ಕೈ ಹಿಡಿದು ಎಳೆದರು. ಒಬ್ಬನಂತೂ ಹಾರೆಯನ್ನೇ ಹೆಗಲ ಮೇಲಿಟ್ಟುಕೊಂಡು ಬಂದಿದ್ದ.

“ನಿಧಿಗಿಧಿ ಏನಿಲ್ರಪ್ಪೋ! ಇದು ವೈರು ನೋಡೋ ಮಿಷನ್ನು!” ಎಂದು ಉಮಾಶಂಕರ ಗಂಟಲು ಹರಿದುಕೊಂಡ. ನಂಬಿದವರು ಯಾರೂ ಇಲ್ಲ. ನಿಧಿ ಹುಡುಕುವವನು ನಿಧಿ ಹುಡುಕುತ್ತೇನೆ ಅಂತ ಎಲ್ಲಾದರೂ ಹೇಳುತ್ತಾನೆಯೇ?

ಮಾವ ಕೊಂಡಪ್ಪನವರು ಜಗಲಿಯಿಂದೆದ್ದು ಜನರನ್ನು ಗದರಿಸಿ, ಅಳಿಯನನ್ನು ಒಳಗೆ ಕರೆದುಕೊಂಡರು. ಅವರು ರಿಟೈರಾದ ಬಸ್ ಡ್ರೈವರು. ಸೀರಿಯಲ್ಲು ನೋಡಿದರೆ ಮನೆ ಮುರಿಯುತ್ತದೆ ಎಂದು ಕೇಬಲ್ ಕೀಳಿಸಿ, ಟಿವಿ ಮಾರಿ, ಅದನ್ನು ಊರೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ.

“ಟಿವಿ ಹೋದ ಮೇಲೆ ನಿಮ್ಮತ್ತೆಗೆ ಏನ್ ಭಕ್ತಿ ಬಂದೈತೆ ಗೊತ್ತೇನಪ್ಪ?” ಎಂದರು ಊಟಕ್ಕೆ ಕೂತಾಗ. “ದಿನಾ ಉಗ್ರಾಣದ ಬಾಗ್ಲು ಹಾಕ್ಕೊಂಡು ಜಪಕ್ಕೆ ಕೂತ್ಕಂತಾಳೆ. ಒಳಗೆ ಬಿಕ್ಕಿ ಬಿಕ್ಕಿ ಅಳೋದು ನಂಗೆ ಕೇಳಿಸ್ತದೆ. ದೇವರ ಮುಂದೆ ಹಂಗೆ ಅಳಬೇಕು ಅಂದ್ರೆ ಎಂಥಾ ಜೀವ ಇರ್ಬೇಕು! ಯಾಕೋ ನಿನ್ನೆಯಿಂದ ಜಪಕ್ಕೆ ಕೂತಿಲ್ಲ. ಮಂಕಾಗವ್ಳೆ.”

ಅತ್ತೆ ರಂಗಲಕ್ಷ್ಮಮ್ಮ ನಿಜಕ್ಕೂ ಮಂಕಾಗಿದ್ದರು. ಡಬ್ಬಿಯ ತೂತು ನೋಡಿ ಕೂಡ “ಆಗ್ಲಿ ಬುಡಪ್ಪ” ಎಂದರು ಅಷ್ಟೇ.

ಅಷ್ಟರಲ್ಲಿ ಬೀದಿಯಲ್ಲಿ ಇನ್ನೊಂದು ಗದ್ದಲ. ಕೇಬಲ್ ಹುಡುಗ ವಂಶಿಯನ್ನು ಹೆಂಗಸರು ಅಡ್ಡಗಟ್ಟಿದ್ದರು. ನಿನ್ನೆಯಿಂದ ಆ ಬೀದಿಯಲ್ಲಿ ಒಂದು ಮನೆಗೂ ಟಿವಿ ಬರುತ್ತಿರಲಿಲ್ಲ. “ಲೈನಲ್ಲಿ ಎಲ್ಲೋ ಒಂದ್ಕಡೆ ಕೆಟ್ಟೈತೆ ಕಣಕ್ಕ, ಎಲ್ಲಿ ಅಂತ ಹುಡುಕ್ಲಿ?” ಎಂದು ಅವನು ಅಳುವುದೊಂದು ಬಾಕಿ.

ಉಮಾಶಂಕರ ಮಜ್ಜಿಗೆ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದ. ಇದಕ್ಕಿಂತ ಉಪಯೋಗ ಬೇಕೇ? ತನ್ನ ಯಂತ್ರ ಹುಟ್ಟಿದ್ದೇ ಇದಕ್ಕೆ! “ಭಾರ್ಗವಿ, ಬಾ ಇಲ್ಲಿ. ಅತ್ತೇನೂ ಕರಿ. ನೋಡ್ತಾ ಇರು ಈಗ” ಎಂದು ಡಬ್ಬಿ ಎತ್ತಿಕೊಂಡು ಬೀದಿ ತುದಿಯ ಕಂಬದ ಹತ್ತಿರ ಓಡಿದ. ಭಾರ್ಗವಿ ಬರಲಿಲ್ಲ. ಅವ್ವನ ಮುಖ ನೋಡಿದಳು, ಅವ್ವ ಇವಳ ಮುಖ ನೋಡಿದರು, ಇಬ್ಬರೂ ಉಗ್ರಾಣದ ಕಡೆ ನಡೆದರು. ಅದನ್ನು ಉಮಾಶಂಕರ ಗಮನಿಸಲಿಲ್ಲ.

ಅಳತೆಗೆ ಮೊದಲು ಯಂತ್ರವನ್ನು ಹದಕ್ಕೆ ತರಬೇಕು. ಅದಕ್ಕೆ ಚಿನ್ನದ ಬಣ್ಣದ ಮೂರು ಪುಟ್ಟ ಬಿರಡೆಗಳಿವೆ. ಒಂದಾದ ಮೇಲೊಂದು ಸಿಕ್ಕಿಸಿ ತೆಗೆಯಬೇಕು. ಅವನು ಮೊದಲನೆಯದನ್ನು ಹೊರಗೆ ತೆಗೆಯುತ್ತಲೇ “ಪೂಜೆ ಮಾಡ್ತಾವ್ನೆ, ಚಪ್ಲಿ ಬುಡ್ರೋ!” ಎಂದಳು ಪೋಲಮ್ಮ. ಬೀದಿಯವರೆಲ್ಲ ಚಪ್ಪಲಿ ಬಿಟ್ಟು ನಿಂತರು. ವಂಶಿಯೂ ಬಿಟ್ಟ.

ಕೇಬಲ್ಲಿನ ತುದಿಯನ್ನು ಡಬ್ಬಿಯ ತೂತಿಗೆ ಸಿಕ್ಕಿಸಿದ್ದಾಯಿತು. ಗೆರೆ ಒಂದಷ್ಟು ದೂರ ನೆಟ್ಟಗೆ ಹೋಗಿ ಒಂದು ಕಡೆ ದಬಕ್ಕನೆ ಕುಸಿಯಿತು.

“ಸಿಕ್ತು! ಇಲ್ಲಿಂದ ನಲವತ್ತೆರಡು ಮೀಟರಿಗೆ ಎರಡು ಎಳೆ ಒಂದಕ್ಕೊಂದು ತಾಗಿವೆ. ಟೇಪ್ ಹಿಡಿಯೋ ವಂಶಿ!”

ವಂಶಿ ಟೇಪು ಹಿಡಿದು ಹೊರಟ. ಹಿಂದೆ ಉಮಾಶಂಕರ, ಅವನ ಹಿಂದೆ ಬರಿಗಾಲಿನ ಮೆರವಣಿಗೆ. ಒಂದು ಮನೆ ದಾಟಿತು, ಎರಡು ದಾಟಿತು. ಟೇಪು ಕೊಂಡಪ್ಪನವರ ಮನೆಯ ಪಕ್ಕದ ಸಂದಿಗೆ ತಿರುಗಿ, ಉಗ್ರಾಣದ ಕಿಟಕಿಯ ಕೆಳಗೆ ಬಂದು ನಿಂತಿತು.

“ಇಲ್ಲಿ ನಮ್ಮ ಕನೆಕ್ಷನ್ನೇ ಇಲ್ವಲ್ಲ ಸಾರ್. ಮೇಲೆ ಲೈನ್ ಹಾದು ಹೋಯ್ತದೆ ಅಷ್ಟೇ” ಎಂದು ವಂಶಿ ತಲೆ ಕೆರೆದುಕೊಂಡ.

“ನಮ್ಮ ಮನೇಲಿ ಟಿವೀನೇ ಇಲ್ಲ ಕಣ್ಲಾ!” ಎಂದು ಕೊಂಡಪ್ಪ ಎದೆ ತಟ್ಟಿಕೊಂಡರು.

“ಟಿವಿ ಇಲ್ಲ ಅಂದ್ಮೇಲೆ ಇನ್ನೇನಿರ್ತದೆ?” ಪೋಲಮ್ಮನ ಕಣ್ಣು ಅರಳಿತು. “ನಾನು ಆಗ್ಲೇ ಹೇಳ್ಲಿಲ್ವಾ? ನಿಧಿ! ಗೋಡೆಯೊಳಗೈತೆ! ಅದಕ್ಕೇ ಕಣ್ರೋ ರಂಗಲಕ್ಷ್ಮಮ್ಮ ದಿನಾ ಅಲ್ಲೇ ಕೂತು ಜಪ ಮಾಡೋದು!”

ಹಾರೆಯವನು ಮುಂದೆ ಬಂದ. ಇಷ್ಟು ಹೊತ್ತು ಗದರುತ್ತಿದ್ದ ಕೊಂಡಪ್ಪನವರೂ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿ ನೋಡಿದರು. “ಒಂದೇ ಒಂದು ಇಟ್ಟಿಗೆ ಕಿತ್ತು ನೋಡಿದ್ರೆ ತಪ್ಪೇನಪ್ಪ?” ಎಂದರು ಮೆಲ್ಲಗೆ.

“ತಡೀರಿ, ನಾನು ನೋಡ್ತೀನಿ” ಎಂದು ಉಮಾಶಂಕರ ಸ್ಟೂಲು ಹತ್ತಿದ. ಕಿಟಕಿಯ ಮೇಲಿನ ಸಜ್ಜದ ಮರೆಯಲ್ಲಿ ಕೇಬಲ್ಲಿನ ಸಿಪ್ಪೆ ಸುಲಿದು ಯಾರೋ ಇನ್ನೊಂದು ಸಣ್ಣ ವೈರು ಹೆಣೆದಿದ್ದರು. ಹೆಣಿಗೆಯನ್ನು ಇಲಿ ಕಡಿದು, ಎಳೆಗಳು ತಾಗಿಕೊಂಡಿದ್ದವು. ಸಣ್ಣ ವೈರು ಕಿಟಕಿಯ ಸಂದಿಯಿಂದ ಒಳಕ್ಕೆ ಇಳಿದಿತ್ತು. ಅವನು ಇಣುಕಿದ. ಒಳಗೆ ಉಡುಸಲಮ್ಮನ ಪಟ, ಪಟದ ಮುಂದೆ ಶೇಂಗಾ ಮೂಟೆ, ಮೂಟೆಯ ಮೇಲೆ ಕೆಂಪು ರೇಷ್ಮೆ ವಸ್ತ್ರ ಹೊದ್ದ ಪುಟ್ಟ ಟಿವಿ. ಅತ್ತೆ ಎರಡೂ ಕೈ ಮುಗಿದು ನಿಂತಿದ್ದರು. ದೇವರಿಗಲ್ಲ, ಅಳಿಯನಿಗೆ.

ಪಾಪ, ಉಮಾಶಂಕರನ ಸ್ಥಿತಿ ಶತ್ರುವಿಗೂ ಬೇಡ. ಯಂತ್ರ ಹೇಳಿದ್ದು ಗೇಣಷ್ಟೂ ತಪ್ಪದೆ ನಿಜವಾಗಿತ್ತು. ಸಿಕ್ಕಿತು ಎಂದರೆ ಅತ್ತೆಯ ಮಾನ ಬೀದಿಪಾಲು. ಸಿಗಲಿಲ್ಲ ಎಂದರೆ ತನ್ನ ತಂತಿಗಳೆಲ್ಲ ಗುಜರಿಪಾಲು. ಕೆಳಗೆ ಹಾರೆ, ಒಳಗೆ ಮುಗಿದ ಕೈ. ಅವನ ಕಣ್ಣಲ್ಲಿ ನೀರು ಬಂತು. ಮರೆಯಲ್ಲೇ ಬೆರಳಿನಿಂದ ಎಳೆಗಳನ್ನು ಬಿಡಿಸಿ, ಜೇಬಿನಲ್ಲಿದ್ದ ಅಂಟು ಟೇಪು ಸುತ್ತಿದ. ಕೆಳಗಿಳಿದು ಗಟ್ಟಿಯಾಗಿ ಹೇಳಿದ:

“ಇಲ್ಲೇನೂ ಇಲ್ಲ. ಈ ಮಿಷನ್ನು ಶುದ್ಧ ದಂಡ. ಬಾಯಿಗೆ ಬಂದದ್ದು ಹೇಳ್ತದೆ. ನಂಬಬೇಡಿ.”

ಅದೇ ಹೊತ್ತಿಗೆ, ಬೇಸತ್ತು ಕಂಬದ ಹತ್ತಿರ ಹೋಗಿದ್ದ ವಂಶಿ ವೈರು ಮತ್ತೆ ಜೋಡಿಸಿ, ಅಲ್ಲಿನ ಪೆಟ್ಟಿಗೆಗೆ ಸಿಟ್ಟಿನಿಂದ ಎರಡು ಗುದ್ದು ಗುದ್ದಿದ. ಬೀದಿಯ ಅಷ್ಟೂ ಮನೆಗಳ ಟಿವಿಗಳು ಒಂದೇ ಸಲಕ್ಕೆ ಅರಚತೊಡಗಿದವು. ಮಧ್ಯಾಹ್ನದ ಸೀರಿಯಲ್ಲು, ಸೊಸೆಯೊಬ್ಬಳು ಗೊಳೋ ಎಂದು ಅಳುತ್ತಿದ್ದಳು.

“ನೋಡಪ್ಪ, ನಮ್ಮ ವಂಶಿ ಎರಡು ಗುದ್ದಿಗೆ ಸರಿಮಾಡ್ಬುಟ್ಟ! ಅಲ್ಲುಡುಗಾರು ಡಬ್ಬಿ ಹೊತ್ಕೊಂಡು ಬಂದು ನಮ್ಮ ಚಪ್ಲಿ ಬಿಡಿಸಿದ್ದೊಂದೇ ಲಾಭ!” ಎಂದು ಪೋಲಮ್ಮ ನಕ್ಕಳು. ವಂಶಿಯನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ. ಗುಂಪು ಕರಗಿತು. ಉಗ್ರಾಣದ ಒಳಗಿನಿಂದಲೂ ಅಳು ಕೇಳುತ್ತಿತ್ತು. ಕೊಂಡಪ್ಪನವರು ಕಿಟಕಿಯ ಕಡೆ ತಿರುಗಿ ಕೈ ಮುಗಿದರು.

“ಜಪಕ್ಕೆ ಕೂತ್ಬುಟ್ಲು. ಸದ್ಯ, ದೇವರು ದೊಡ್ಡೋನು” ಎಂದರು.

ಸಾಯಂಕಾಲದ ಬಸ್ಸಿನಲ್ಲಿ ಭಾರ್ಗವಿ ಈ ಸಲ ಪಕ್ಕದಲ್ಲೇ ಕೂತಳು.

“ಗುಜರಿ ಅಂಗಡಿ ತೆಗೆದಿರ್ತದಾ ಈ ಹೊತ್ನಲ್ಲಿ?” ಎಂದ ಉಮಾಶಂಕರ, ಸೋತ ದನಿಯಲ್ಲಿ.

“ಗುಜರಿಗೆ ಯಾಕ್ ಹಾಕ್ತೀರಿ? ನೀವ್ ಗೆದ್ರಲ್ಲ!” ಭಾರ್ಗವಿ ಕಿಸಕ್ಕನೆ ನಕ್ಕಳು. “ಮಿಷನ್ನು ಹೇಳಿದ್ದು ಕರೆಕ್ಟ್ ಅಂತ ನಂಗೊತ್ತು. ಆ ವೈರು ಹೆಣೆದೋಳು ನಾನೇ ಕಣ್ರೀ.”

“ನೀನಾ!”

“ಅವ್ವ ಟಿವಿ ಇಲ್ದೆ ಸೊರಗೋಗಿದ್ಲು. ದಸರಾಕ್ಕೆ ಹೋಗಿದ್ನಲ್ಲ, ಆಗ ಆ ಪುಟ್ಟ ಟಿವಿ ಕೊಟ್ಟುಬಂದೆ. ತಾರಸಿ ಮೇಲೆ ನೀವ್ ಸಿಪ್ಪೆ ಸುಲಿಯೋದು, ಹೆಣಿಯೋದು ನೋಡ್ತಾ ನೋಡ್ತಾ ಕಲ್ತುಬುಟ್ಟೆ.”

ಉಮಾಶಂಕರನಿಗೆ ಸಿಟ್ಟು ಬರಬೇಕಿತ್ತು, ಹಿಗ್ಗು ಬಂತು. ತನ್ನ ಕೆಲಸವನ್ನು ಈ ಮನೆಯಲ್ಲಿ ಒಬ್ಬಳು ನೋಡುತ್ತಿದ್ದಳು! ಕಲಿತಿದ್ದಳು! ಅತ್ತೆಯ ಮಾನಕ್ಕಾಗಿ ತಾನು ಬೀದಿಯಲ್ಲಿ ನಗೆಪಾಟಲಾದದ್ದೂ ಸಾರ್ಥಕ ಎನಿಸಿತು.

“ಹಾಗಾದ್ರೆ ತಾರಸಿ ಮೇಲಿನ ತಂತಿ?”

“ಇರ್ಲಿ.”

“ಮಿಷನ್ನು?”

“ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ ಅಂತ ಅವ್ವನೇ ಹೇಳಿದ್ಲು.”

ಉಮಾಶಂಕರ ಬೀಗುತ್ತಾ ಚೀಲಕ್ಕೆ ಕೈ ಹಾಕಿದ. ಡಬ್ಬಿ ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಹುರಿದ ಶೇಂಗಾ ತುಂಬಿದ ಒಂದು ಕಾಗದದ ಪೊಟ್ಟಣ.

“ಅವ್ವ ಇಟ್ಕೊಂಡ್ಲು ಕಣ್ರೀ” ಎಂದಳು ಭಾರ್ಗವಿ. “ಇಲಿ ಇನ್ನೊಂದ್ಸಲ ಕಡಿದ್ರೆ ಎಲ್ಲಿ ಅಂತ ನೋಡಕ್ಕೆ ಬೇಕಂತೆ. ಡಬ್ಬೀನೂ ಅವ್ಳದೇ, ಹೆಸರೂ ಅವ್ಳದೇ, ನಾನು ಹೆಂಗ್ ಬ್ಯಾಡ ಅನ್ಲಿ? ಮುಂದಿನ ಭಾನುವಾರ ಹೋಗಿ ಆ ಮೂರು ಬಿರಡೆ ಹಾಕೋದು ಹೆಂಗೆ ಅಂತ ಅವಳಿಗೆ ಕಲಿಸ್ಕೊಟ್ಟು ಬನ್ನಿ. ಅಪ್ಪನ ಮುಂದೆ ಮಾತ್ರ ಅದು ಜಪದ ಪೆಟ್ಗೆ.”

ಉಮಾಶಂಕರ ಏನೋ ಹೇಳಲು ಬಾಯಿ ತೆರೆದ. ಭಾರ್ಗವಿ ಅಷ್ಟರಲ್ಲಿ ನಾಲ್ಕು ಕಾಳು ಶೇಂಗಾ ಸುಲಿದು ಆ ಬಾಯಿಗೆ ಹಾಕಿದಳು.