ಗುಟ್ಟಾಗಿ ಬರುವ ಇನ್‌ಸ್ಪೆಕ್ಟರು

ಅನುಮಾನದ ಮನುಷ್ಯನಿಗೆ ಅನುಮಾನದ ಕಾರಣಗಳು ತಾವಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತವೆ, ಇದು ನನ್ನ ಅನುಭವ. ಮೂವತ್ತಾರು ವರ್ಷ ಮೈಸೂರು ಕಡೆಯ ಅಂಚೆ ಕಚೇರಿಗಳಲ್ಲಿ ಗುಮಾಸ್ತನಾಗಿ, ಆಮೇಲೆ ಪೋಸ್ಟ್ ಮಾಸ್ಟರಾಗಿ ದುಡಿದವನು ನಾನು. ಸೀಲು ಒಡೆದ ಚೀಲ, ಅಳಿಸಿದ ಮುದ್ರೆ, ಅಂಟು ಬಿಟ್ಟ ಕವರು, ಎಲ್ಲದರ ಹಿಂದೆಯೂ ಯಾರೋ ಇದ್ದೇ ಇರುತ್ತಾರೆ ಎಂದು ನಂಬಿ ಬದುಕಿದವನು. ‘ನಿಮಗೆ ರಿಟೈರ್ಮೆಂಟ್ ಆಯ್ತು, ನಿಮ್ಮ ಅನುಮಾನಕ್ಕೆ ಇನ್ನೂ ಸರ್ವೀಸ್ ಉಳಿದಿದೆ’ ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಹೋದ ಜೂನಿನಲ್ಲಿ ನಾವಿಬ್ಬರೂ ಆರು ತಿಂಗಳಿಗೆಂದು ಅಮೆರಿಕದಲ್ಲಿರುವ ಮಗಳ ಮನೆಗೆ ಬಂದೆವು. ಹೆದ್ದಾರಿಯಲ್ಲಿ ಡೌನರ್ಸ್ ಗ್ರೋವ್ ದಾಟಿ ಇನ್ನೂ ಕೆಲವು ಎಕ್ಸಿಟ್ ಆಚೆಗೆ ಒಂದು ಸಣ್ಣ ಊರು. ಸಾಮಾನಿನ ಜೊತೆ ನನ್ನ ಅನುಮಾನವೂ ವಿಮಾನ ಹತ್ತಿತ್ತು.

ಬೀಗ

ಇಲ್ಲಿಯ ಮನೆಗಳ ಅಂಚೆ ಪೆಟ್ಟಿಗೆ ರಸ್ತೆ ಬದಿಯಲ್ಲಿ ಒಂದು ಕಂಬದ ಮೇಲೆ ಕೂತಿರುತ್ತದೆ. ಬಾಗಿಲಿದೆ, ಬೀಗವಿಲ್ಲ. ನಾವು ಕಳಿಸುವ ಕಾಗದವನ್ನು ಅದರಲ್ಲೇ ಇಟ್ಟು ಪಕ್ಕದ ಕೆಂಪು ಬಾವುಟ ಎತ್ತಿದರೆ ಪೋಸ್ಟ್‌ಮ್ಯಾನ್ ಬಂದು ಒಯ್ಯುತ್ತಾನಂತೆ. ಕಳ್ಳನಿಗೆ ಬಾವುಟ ತೋರಿಸಿ ಕರೆಯುವ ಇಂಥ ವ್ಯವಸ್ಥೆಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಸೂಟ್‌ಕೇಸಿನ ಬೀಗ ತಂದು ಅದಕ್ಕೆ ಜಡಿದೆ.

ಮರುದಿನ ಪೋಸ್ಟ್‌ಮ್ಯಾನ್ ಕರೆಗಂಟೆ ಒತ್ತಿ, ಕಾಗದ ಎಲ್ಲಿ ಹಾಕಲಿ ಎಂದು ಕೇಳಿದ. ನಾನು ಮೊದಲು ಅವನ ಗುರುತಿನ ಚೀಟಿ ಕೇಳಿದೆ. ಪಾಪ, ತೋರಿಸಿದ. ಫೋಟೋದಲ್ಲಿ ಗಡ್ಡವಿತ್ತು, ಎದುರಿಗಿದ್ದ ಮುಖದಲ್ಲಿ ಇರಲಿಲ್ಲ. ಗಡ್ಡ ಯಾವಾಗ ತೆಗೆಸಿದ, ಯಾಕೆ ತೆಗೆಸಿದ ಎಂದು ವಿಚಾರಿಸಿಕೊಂಡ ಮೇಲೆಯೇ ಕಾಗದಗಳಿಗೆ ಕೈ ಚಾಚಿದೆ.

ಸಂಜೆ ಮಗಳು ಬಂದು ಬೀಗ ತೆಗೆದಳು. ಆದರೆ ಅಂದಿನಿಂದ ಆ ಪೋಸ್ಟ್‌ಮ್ಯಾನ್ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿದಾಗಲೆಲ್ಲ, ಕಿಟಕಿಯಲ್ಲಿ ನಾನು ಕಂಡರೆ ಸಾಕು, ಮೊದಲು ಗುರುತಿನ ಚೀಟಿ ಎತ್ತಿ ತೋರಿಸಿ ಆಮೇಲೆ ಕಾಗದ ಹಾಕುತ್ತಿದ್ದ.

ಕುದುರೆಯವನು

ಮನೆಯಿಂದ ಅರ್ಧ ಮೈಲಿ ನಡೆದರೆ ಊರಿನ ಅಂಚೆ ಕಚೇರಿ. ಕೆಂಪು ಇಟ್ಟಿಗೆಯ ಕಟ್ಟಡ, ಒಳಗೆ ಹಿತ್ತಾಳೆ ಬಾಗಿಲಿನ ಪುಟ್ಟ ಪುಟ್ಟ ಪೆಟ್ಟಿಗೆಗಳ ಸಾಲು, ಗೋಡೆಯ ತುಂಬ ದೊಡ್ಡ ಚಿತ್ರ, ಅದರ ಕೆಳಗೆ ಒಂದು ಮರದ ಬೆಂಚು. ತೊಂಬತ್ತು ವರ್ಷದ ಹಿಂದೆ ದೇಶವೆಲ್ಲ ಕೆಲಸವಿಲ್ಲದೆ ಕೂತಿದ್ದಾಗ, ಸರ್ಕಾರವೇ ಹಣ ಕೊಟ್ಟು ಊರೂರಲ್ಲಿ ಇಂಥವನ್ನು ಕಟ್ಟಿಸಿ, ಚಿತ್ರಗಾರರಿಂದ ಗೋಡೆಗೆ ಬಣ್ಣ ಹಾಕಿಸಿತಂತೆ. ಕೌಂಟರಿನ ಹೆಂಗಸು ಹೀಗೆ ವಿವರಿಸಿದಾಗ ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಬರ ಬಿದ್ದಾಗ ಕೂಲಿ ಕೊಟ್ಟು ಕೆರೆ ತೋಡಿಸುತ್ತಾರಲ್ಲ, ಹಾಗೆ ಇವರು ಅಂಚೆ ಕಚೇರಿ ಕಟ್ಟಿಸಿದ್ದಾರೆ.

ಇಲ್ಲಿಯವರು ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆಯಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಸಿಗುತ್ತಿರಲಿಲ್ಲ. ಮೊಮ್ಮಗಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಫೋನಿಗೆ ಮರಳುತ್ತಿದ್ದಳು. ಆ ಊರಲ್ಲಿ ನನ್ನದು ಅಂತ ಇದ್ದದ್ದು ಆ ಬೆಂಚು ಒಂದೇ. ದಿನಾ ಒಂಬತ್ತಕ್ಕೆ ಹೋಗಿ, ಮಧ್ಯಾಹ್ನದವರೆಗೆ ಕೂತು, ಕಂಡದ್ದನ್ನು ಹಳೆಯ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅಂಟು, ಅರಗು, ಕಾಗದದ ವಾಸನೆ ಮೂಗಿಗೆ ಬಡಿದರೆ ನನಗೆ ಜೀವ ಬರುತ್ತಿತ್ತು.

ಗೋಡೆಯ ಚಿತ್ರದಲ್ಲಿ ಜೋಳದ ಹೊಲದ ಮಧ್ಯೆ ಒಬ್ಬ ಅಂಚೆಯವನು ಕುದುರೆ ಇಳಿದು ಒಬ್ಬ ರೈತನಿಗೆ ಕಾಗದ ಕೊಡುತ್ತಿದ್ದಾನೆ. ಮೂರು ದಿನ ದಿಟ್ಟಿಸಿ ನೋಡಿ ನಾಲ್ಕನೆಯ ದಿನ ಕೌಂಟರಿಗೆ ಹೋದೆ. ಚೀಲದ ಬಾಯಿ ಕಟ್ಟಿಲ್ಲ, ಕುದುರೆಯನ್ನು ಎಲ್ಲೂ ಕಟ್ಟಿ ಹಾಕಿಲ್ಲ, ಕಾಗದ ತೆಗೆದುಕೊಳ್ಳುವ ಮನುಷ್ಯನಿಂದ ಸಹಿ ಪಡೆದ ಗುರುತಿಲ್ಲ, ಹೀಗೆ ಮೂರು ತಪ್ಪು ಎಂದೆ. ಹೆಂಗಸು ಚಿತ್ರವನ್ನೊಮ್ಮೆ, ನನ್ನ ನೋಟ್‌ಬುಕ್ಕನ್ನೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, ಅವನು ನಾನು ಕೆಲಸಕ್ಕೆ ಸೇರುವ ಮೊದಲಿನವನು ಸರ್, ಅವನ ತಪ್ಪಿಗೆ ನಾನು ಜವಾಬ್ದಾರಳಲ್ಲ ಎಂದಳು.

ಬಿಳಿ ಹಾಳೆ

ನಮ್ಮ ಇಲಾಖೆಯಲ್ಲಿ ಪರೀಕ್ಷೆಯ ಕಾಗದ ಎಂದು ಒಂದು ಪದ್ಧತಿ. ಅಂಚೆ ಸರಿಯಾಗಿ ತಲುಪುತ್ತಿದೆಯೇ ಎಂದು ತಿಳಿಯಲು ಮೇಲಿನವರು ಗುಟ್ಟಾಗಿ ಒಂದು ಕಾಗದ ಡಬ್ಬಕ್ಕೆ ಹಾಕಿ ದಿನ ಎಣಿಸುತ್ತಿದ್ದರು. ನಾನೂ ಒಂದು ವಾರ ದಿನಕ್ಕೊಂದರಂತೆ ನನ್ನ ಹೆಸರಿಗೇ ಕವರು ಹಾಕಿದೆ. ಒಳಗೆ ಖಾಲಿ ಹಾಳೆ. ಬರಹದ ಗುರುತು ಸಿಗಬಾರದೆಂದು ವಿಳಾಸವನ್ನು ಎಡಗೈಯಲ್ಲಿ ಬರೆದೆ. ಡಬ್ಬಕ್ಕೆ ಹಾಕಿ ಗಡಿಯಾರ ನೋಡಿ ಸಮಯ ಬರೆದುಕೊಂಡೆ.

ಹತ್ತು ದಿನವಾದರೂ ಒಂದೂ ಕೈಗೆ ಸಿಗಲಿಲ್ಲ. ಗಡ್ಡ ತೆಗೆಸಿದವನ ಮೇಲೆ ನನ್ನ ಅನುಮಾನ ಗಟ್ಟಿಯಾಯಿತು. ದೂರು ಬರೆಯಲು ಕೂತಿದ್ದೆ. ಅಷ್ಟರಲ್ಲಿ ಹೊಗೆ ಕಂಡರೆ ಕೂಗುವ ಮನೆಯ ಗಂಟೆ ಕಿವಿ ಹರಿಯುವಂತೆ ಹೊಡೆದುಕೊಳ್ಳತೊಡಗಿತು. ಅಡಿಗೆಮನೆಗೆ ಓಡಿದರೆ ನನ್ನ ಹೆಂಡತಿ ಬಾಣಲೆಯಲ್ಲಿ ಒಣಮೆಣಸಿನಕಾಯಿ, ಉಪ್ಪು, ಅದರ ಮೇಲೆ ನನ್ನ ಏಳು ಕವರುಗಳನ್ನೂ ಇಟ್ಟು ಸುಡುತ್ತಿದ್ದಾಳೆ.

‘ಸುಮ್ನೆ ನಿಂತ್ಕೊಳ್ರೀ, ನಿವಾಳಿಸ್ತಿದೀನಿ,’ ಎಂದಳು. ‘ವಾರದಿಂದ ನಿಮ್ಮ ಹೆಸರಿಗೆ ಬರೀ ಬಿಳಿ ಹಾಳೆ ಬರ್ತಿದೆ, ನಿಮ್ಮ ಕೈಗೆ ಸಿಗದ ಹಾಗೆ ಎತ್ತಿಡ್ತಿದ್ದೆ. ಆ ಸೊಟ್ಟ ಅಕ್ಷರ ನೋಡಿದ್ರೇನೇ ಗೊತ್ತಾಗಲ್ವಾ, ಯಾರೋ ಮಾಟ ಮಾಡ್ಸಿದಾರೆ ಅಂತ?’

ಕಾಗದಗಳು ಸಕಾಲಕ್ಕೆ ತಲುಪಿದ್ದವು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಷ್ಟರಲ್ಲಿ ಅಗ್ನಿಶಾಮಕದವರು ಬಾಗಿಲು ತಟ್ಟುತ್ತಿದ್ದರು.

ಸುಣ್ಣ

ಸೆಪ್ಟೆಂಬರಿನಲ್ಲಿ ಅಂಚೆ ಕಚೇರಿಯಲ್ಲಿ ಏನೇನೋ ನಡೆಯತೊಡಗಿತು. ನಿಂತುಹೋಗಿದ್ದ ಗೋಡೆ ಗಡಿಯಾರ ಒಂದು ಬೆಳಿಗ್ಗೆ ಓಡುತ್ತಿತ್ತು. ಹಿತ್ತಾಳೆ ಬಾಗಿಲುಗಳು ಫಳಫಳ. ಉರಿಯದ ದೀಪಗಳು ಉರಿದವು. ಏಣಿ ಹಾಕಿ ಕುದುರೆಯವನ ಮುಖದ ಧೂಳನ್ನೂ ಒರೆಸಿದರು. ಅದರ ಹಿಂದಿನ ವಾರವಷ್ಟೇ ಇವೆಲ್ಲ ಕುಂದುಗಳನ್ನು ನಾನು ಬೆರಳಿಟ್ಟು ಎಣಿಸಿ ಬರೆದುಕೊಂಡಿದ್ದೆ.

ಮನೆಗೆ ಸುಣ್ಣ ಬಳಿಯುವುದು ಮದುವೆಗೆ, ಇಲ್ಲವೆಂದರೆ ಮಾರಾಟಕ್ಕೆ. ಅಂಚೆ ಕಚೇರಿಗೆ ಯಾವ ಮದುವೆ?

ಅನುಮಾನ ನಿಜವೇ ಆಯಿತು. ಆ ಶನಿವಾರ ಊರಿನ ಲೈಬ್ರರಿ ಮುಂದೆ ಒಬ್ಬ ರಿಟೈರ್ಡ್ ಟೀಚರಮ್ಮ ಮೇಜು ಹಾಕಿಕೊಂಡು, ನಮ್ಮ ಅಂಚೆ ಕಚೇರಿ ಮುಚ್ಚಬೇಡಿ ಎಂಬ ಮನವಿಗೆ ಸಹಿ ಹಾಕಿಸುತ್ತಿದ್ದರು. ಓದದೆ ಸಹಿ ಹಾಕುವ ಜಾತಿ ನಾನಲ್ಲ, ಪೂರ್ತಿ ಓದಿದೆ. ಮೇಲಿನಿಂದ ಯಾರೋ ಒಬ್ಬ ಇನ್‌ಸ್ಪೆಕ್ಟರು ಎರಡು ತಿಂಗಳಿಂದ ಗುಟ್ಟಾಗಿ ಬಂದು ಕಟ್ಟಡದ ಒಂದೊಂದು ಕುಂದನ್ನೂ ಬರೆದುಕೊಂಡು ಹೋಗುತ್ತಿದ್ದಾನಂತೆ, ಮುಚ್ಚುವುದಕ್ಕೇ ಈ ಹುನ್ನಾರವಂತೆ. ನನಗೆ ಸಿಟ್ಟು ನೆತ್ತಿಗೇರಿತು. ದಿನಾ ಒಂಬತ್ತರಿಂದ ಹನ್ನೆರಡು ಅಲ್ಲೇ ಕೂತಿರುತ್ತೇನೆ, ನನ್ನ ಕಣ್ಣಿಗೂ ಬೀಳದೆ ಓಡಾಡುತ್ತಿದ್ದಾನಲ್ಲ, ಎಂಥ ಚಾಲಾಕಿ ಇರಬೇಕು ಈ ಮನುಷ್ಯ! ಅವನನ್ನು ಹಿಡಿದುಕೊಡುವುದು ನನ್ನ ಜವಾಬ್ದಾರಿ ಎಂದು ಟೀಚರಮ್ಮನಿಗೆ ಮಾತು ಕೊಟ್ಟು, ದೊಡ್ಡದಾಗಿ ಸಹಿ ಹಾಕಿದೆ.

ಸೋಮವಾರದಿಂದ ಮಧ್ಯಾಹ್ನವೂ ಹೋದೆ. ಹೊಸ ನೋಟ್‌ಬುಕ್ ತೆಗೆದುಕೊಂಡೆ. ಒಳಗೆ ಬಂದ ಒಬ್ಬೊಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಬರೆದುಕೊಂಡೆ. ಸಹಿ ಮಾಡುವವರ ಸಾಲು ಮಾತ್ರ ಲೈಬ್ರರಿ ಮುಂದೆ ಇನ್ನೂ ಉದ್ದವಾಯಿತು.

ಗುರುವಾರ ಕೌಂಟರಿನ ಹೆಂಗಸು ಎರಡು ಲೋಟ ಕಾಫಿ ಹಿಡಿದು ಬಂದು ಬೆಂಚಿನ ತುದಿಯಲ್ಲಿ ಕೂತಳು. ಒಂದು ಲೋಟ ನನ್ನ ಕೈಗಿಟ್ಟಳು. ನಾನು ಇಪ್ಪತ್ತೆರಡು ವರ್ಷ ಇಲ್ಲೇ ದುಡಿದಿದ್ದೇನೆ ಸರ್, ತೀರ್ಮಾನ ಏನೇ ಇರಲಿ, ಮೊದಲು ನನಗೆ ಹೇಳಿ ಎಂದಳು.

ಯಾವ ತೀರ್ಮಾನ ಎಂದೆ.

ಅವಳು ನನ್ನ ನೋಟ್‌ಬುಕ್ಕಿನ ಕಡೆ ಬೆರಳು ತೋರಿಸಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಿಗಾದರೂ ಕೊಂಚ ಬುದ್ಧಿ ಇತ್ತು. ನಾನು ಎರಡೂ ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡು ಊರೆಲ್ಲ ಕಳ್ಳನನ್ನು ಹುಡುಕಿದ್ದೆ. ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ. ನಾನು ಬರೀ ರಿಟೈರ್ಡ್ ಪೋಸ್ಟ್ ಮಾಸ್ಟರು, ಮಗಳ ಮನೆಗೆ ಬಂದವನು ಎಂದೆ. ಅವಳು ನಂಬಲಿಲ್ಲ, ಇನ್‌ಸ್ಪೆಕ್ಟರುಗಳೆಲ್ಲ ಹೀಗೇ ಹೇಳುತ್ತಾರೆ ಎಂದಳು. ಕೊನೆಗೆ ನೋಟ್‌ಬುಕ್ ತೆಗೆದು ಕನ್ನಡದಲ್ಲಿ ಬರೆದದ್ದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಗಡಿಯಾರ ನಿಂತಿದೆ. ದೀಪ ಮೂರು ಉರಿಯುತ್ತಿಲ್ಲ. ಕೌಂಟರಿನ ಹೆಂಗಸು ಸ್ಟ್ಯಾಂಪನ್ನು ನೇರವಾಗಿ ಅಂಟಿಸುತ್ತಾಳೆ, ವಯಸ್ಸಾದವರ ಕೈಗೆ ತಾನೇ ಎದ್ದುಹೋಗಿ ಪಾರ್ಸೆಲ್ ಕೊಡುತ್ತಾಳೆ. ಇಂಥವಳು ನನ್ನ ಕಚೇರಿಯಲ್ಲಿ ಒಬ್ಬಳಿದ್ದಿದ್ದರೆ ನನ್ನ ಕೂದಲು ಇಷ್ಟು ಬೇಗ ಬೆಳ್ಳಗಾಗುತ್ತಿರಲಿಲ್ಲ.

ಅವಳು ಕಣ್ಣೊರೆಸಿಕೊಂಡಳು. ಹಾಗಾದರೆ ಮುಚ್ಚುವುದಿಲ್ಲವೇ ಎಂದಳು. ಮುಚ್ಚುವ ಮಾತು ಹುಟ್ಟಿದ್ದೇ ನನ್ನಿಂದ ಎಂದೆ. ಈಗಲೇ ಹೋಗಿ ಟೀಚರಮ್ಮನಿಗೆ ನಿಜ ಹೇಳಿಬರುತ್ತೇನೆಂದು ಎದ್ದರೆ, ಅವಳು ನನ್ನ ಸ್ವೆಟರಿನ ತೋಳು ಹಿಡಿದು ಕೂರಿಸಿದಳು.

‘ದಯವಿಟ್ಟು ಯಾರಿಗೂ ಹೇಳಬೇಡಿ,’ ಎಂದಳು. ‘ಆರು ವರ್ಷದಿಂದ ಬೇಡಿಕೊಂಡರೂ ಆಗದ ರಿಪೇರಿಯೆಲ್ಲ ನೀವು ಬಂದ ಮೇಲೆ ಆಗಿದೆ. ನೀವು ಯಾರ ಕಡೆಯವರು ಅಂತ ಮೇಲಿನ ಆಫೀಸಿನವರಿಗೂ ಗೊತ್ತಿಲ್ಲ, ಕೇಳೋಕೂ ಅವರಿಗೆ ಭಯ. ಚಳಿಗಾಲದಲ್ಲಿ ಕಟ್ಟಡ ಬೆಚ್ಚಗಿಡೋ ಬಾಯ್ಲರ್ ಒಂದು ಬಾಕಿ ಇದೆ. ಅಲ್ಲೀವರೆಗೆ ಬನ್ನಿ.’

ಮರುದಿನ ಒಂಬತ್ತಕ್ಕೆ ಟೈ ಕಟ್ಟಿಕೊಂಡು, ಬಾಯ್ಲರ್ ಕೋಣೆ ನೋಡಲೆಂದು ಟಾರ್ಚು ಹಿಡಿದು ಹೊರಟೆ. ಎಲ್ಲಿಗೆ ಎಂದು ಹೆಂಡತಿ ಕೇಳಿದಳು. ಬಹಳ ವರ್ಷಗಳ ಮೇಲೆ ಎದೆಯುಬ್ಬಿಸಿ, ಡ್ಯೂಟಿಗೆ ಎಂದೆ. ಅವಳು ನನ್ನ ಟೈಯನ್ನೂ ಟಾರ್ಚನ್ನೂ ಸರಿಯಾಗಿ ನೋಡಿ, ಹೊರಗೆ ಯಾರಾದರೂ ಕೇಳಿಸಿಕೊಂಡಾರು ಎಂದು ಮೊದಲು ಬಾಗಿಲು ಹಾಕಿದಳು.

‘ವಿಸಿಟರ್ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ ಅಂತ ಮಗಳು ಹೇಳಿರ್ಲಿಲ್ವಾ? ನಿಜ ಹೇಳ್ರೀ, ಎಷ್ಟು ದಿನದಿಂದ ನಡೀತಿದೆ ಇದು?’